ಸೀಸೆಯ ಜೊತೆಗಿನ ಚೀಟಿ

ಹುಕ್ಕೇರಿ
೧೬ ಆಗಸ್ಟ್ ೧೯೩೭

ಪ್ರಿಯ ಗೆಳೆಯ ರಾಜಪ್ಪನಿಗೆ ಗುರುಲಿಂಗಪ್ಪನ ಶರಣು.

ನಿನ್ನ ಎರಡು ಪತ್ರಗಳೂ ತಲುಪಿ ಎರಡು ತಿಂಗಳಾಯಿತು. ದವಾಖಾನೆಯಲ್ಲಿ ಬಿಡುವಿಲ್ಲ ಎಂದು ನೆಪ ಹೇಳಬಹುದಿತ್ತು. ಸಂತೆಯ ದಿನ ಬಿಟ್ಟರೆ ಇಲ್ಲಿ ನೊಣ ಹೊಡೆಯುತ್ತ ಕೂತಿರುವ ಡಾಕ್ಟರ್ ನಾನು ಎಂಬುದು ನಿನಗೆ ಗೊತ್ತು. ಉತ್ತರ ಬರೆಯಲು ಮುಖವಿರಲಿಲ್ಲ, ಅಷ್ಟೇ. ಪುಣೆಯಲ್ಲಿ ಅತ್ತಿಗೆಯವರೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ.

ಪಂಚಮಿಗೆ ಅಕ್ಕ ಕಾಶೆವ್ವನನ್ನು ಮೇಲವಂಕಿಯ ತವರಿಗೆ ನಾನೇ ಕರೆತಂದೆ. ಎದೆಯ ಗಾಯ ಮಾದಿದೆ. ಆದರೆ ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಜೋಕಾಲಿಯ ಹಗ್ಗ ಹಿಡಿಯಲಾಗದೆ, ಕೆಳಗೆ ನಿಂತು ಬಲಗೈಯಿಂದ ಬೇರೆಯವರನ್ನೇ ತೂಗಿದಳು. ಕೊರಳಿನ ಲಿಂಗದ ಕರಡಿಗೆ ಎಲುಬಿಗೆ ಬಡಿಯುತ್ತದೆಂದು ಅದರಡಿಗೆ ಅರಿವೆ ಮಡಿಚಿಟ್ಟುಕೊಂಡಿದ್ದಾಳೆ. ನಾನು ಹುಕ್ಕೇರಿಗೆ ಹೊರಡುವಾಗ ನನ್ನ ಕೈಗೆ ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟು, "ನೀ ಡಾಕ್ಟರ್ ಇದ್ದಿದ್ದಕ್ಕ ನಾ ಉಳದೇನಿ ತಮ್ಮಾ. ಇಲ್ಲಂದ್ರ ನನ್ನ ಕೂಸು ತಬ್ಬಲಿ ಆಗತಿತ್ತು" ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಪರೀಕ್ಷೆಗೆಂದು ನಾನು ಕಳಿಸಿದ ಅಕ್ಕನ ಗಂಟಿನ ತುಣುಕಿನಲ್ಲಿ ನೂಲುವ ಕದಿರಿನಂತೆ ಎರಡೂ ತುದಿ ಚೂಪಾದ ಕೋಶಗಳು ಒತ್ತೊತ್ತಾಗಿದ್ದವು, ಭರದಿಂದ ಹೆಚ್ಚುತ್ತಿದ್ದವು. ಅದಕ್ಕೇ ಸಾರ್ಕೋಮಾ, ಕ್ಯಾನ್ಸರಿನ ಗಂಟು ಎಂದು ತಿಳಿಸಿದೆ ಎಂದಿದ್ದೀಯೆ. ನಿನ್ನ ಮಾತಿನ ಮೇಲೆ ನಾನು ದೊಡ್ಡ ದವಾಖಾನೆಯಲ್ಲಿ ಅಕ್ಕನ ಮೊಲೆ ತೆಗೆಸಿದೆ. ಅದು ಪರೀಕ್ಷೆಗೆ ನಿನ್ನ ಮೇಜಿಗೆ ಬಂದಾಗ ಚರ್ಮದ ಮೇಲೆ ಸುಟ್ಟ ಕಲೆಯನ್ನು ನೀನು ಕಂಡೆ. ಒಳಗೆ ಮಾಯುತ್ತಿದ್ದ ಗಾಯವಲ್ಲದೆ ಬೇರೇನೂ ಇರಲಿಲ್ಲ. ಮಾಯುವ ಗಾಯದ ಕೋಶಗಳೂ ಹಾಗೇ ಕಾಣುತ್ತವೆ, ನನ್ನ ಕಣ್ಣು ಮೋಸಹೋಯಿತು, ಸಾಹೇಬರಿಗೆ ರಾಜೀನಾಮೆ ಬರೆದಿಟ್ಟಿದ್ದೇನೆ ಎಂದಿದ್ದೀಯೆ.

ಕೊಡಬೇಡ ಮಾರಾಯ. ಆ ಕಲೆ ನಮ್ಮವ್ವ ಮುದಕವ್ವ ಹಾಕಿದ ಬರೆ. ಕೂಸಿಗೆ ಹಾಲು ಬಿಡಿಸಿದಾಗ ಅಕ್ಕನಿಗೆ ಅಡಿಕೆಯಷ್ಟು ಹಾಲಿನ ಗಂಟು ಕಟ್ಟಿತ್ತು. ಅವ್ವ ಕುಡಗೋಲಿನ ತುದಿ ಕಾಸಿ ಮೂರು ಸಲ ಒತ್ತಿದಳು. ನಾನು ರೇಗಿದರೆ, "ಸಣ್ಣಾಂವ ಇದ್ದಾಗ ನಿನ್ನ ಹೊಟ್ಟಿಗೂ ಹಾಕಿದ್ದೆ. ನೀ ಚಲೋ ಆಗ್ಲಿಲ್ಲೇನು?" ಎಂದು ನನ್ನನ್ನೇ ಗದರಿದಳು. ಮೂರು ವಾರದಲ್ಲಿ ಗಂಟು ನಿಂಬೆಹಣ್ಣಿನಷ್ಟಾಯಿತು. ಗಾಬರಿಯಾಗಿ ತುಣುಕು ತೆಗೆದು ಸೀಸೆಗೆ ಹಾಕಿ ನಿನಗೆ ಕಳಿಸಿದೆ. ಜೊತೆಗಿನ ಚೀಟಿಯಲ್ಲಿ 'ಹಿಂದಿನ ಗಾಯ, ಚಿಕಿತ್ಸೆ' ಎಂದು ನಾನು ತುಂಬಬೇಕಾದ ಸಾಲಿತ್ತು. ಅಲ್ಲಿ ಬರೆಯ ಸಂಗತಿ ತಿಳಿಸಲು ಅವಸರದಲ್ಲಿ ಮರೆತೆ. ತಿಳಿಸಿದ್ದರೆ ನಾಲ್ಕು ವಾರ ಕಾದು ನೋಡೋಣ ಎನ್ನುತ್ತಿದ್ದೆ ನೀನು, ಗಂಟು ತಾನಾಗಿಯೇ ಇಳಿಯುತ್ತಿತ್ತು.

ಅವ್ವ ನಿನ್ನನ್ನು ನೆನೆಯುತ್ತಿರುತ್ತಾಳೆ. "ಮಾದ್ಲಿ ಮಾಡ್ತೇನಿ, ಉಣ್ಣಾಕ ಬಾ ಅಂತ ತಿಳಸು" ಎಂದಿದ್ದಾಳೆ. ಮಕ್ಕಳಿಗೆ ನನ್ನ ಆಶೀರ್ವಾದ. ಬಸವಣ್ಣ ನಿನ್ನ ಕಣ್ಣು ಕಾಯಲಿ.

ನಿನ್ನ
ಗುರುಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದಿದ್ದೇನೆ. ಮರೆತೆ ಎಂದದ್ದು ಸುಳ್ಳು. ಹೋದ ವರ್ಷವೆಲ್ಲ ನಾಗನೂರ, ಮೇಲವಂಕಿಯ ಚಾವಡಿಗಳಲ್ಲಿ ನಿಂತು, ಬರೆ ಹಾಕುವವರನ್ನು ಫೌಜದಾರರ ಕೈಗೆ ಕೊಡಬೇಕೆಂದು ಭಾಷಣ ಬಿಗಿದವನು ನಾನು. ನನ್ನ ಮನೆಯಲ್ಲೇ ಹಾಕಿದ್ದಾರೆಂದು ಪುಣೆಯವರಿಗೆ ತಿಳಿಯಬಾರದೆಂದು ಆ ಸಾಲಿನಲ್ಲಿ 'ಏನೂ ಇಲ್ಲ' ಎಂದು ಕೈಯಾರೆ ತುಂಬಿದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. "ಅವ್ವ ಸುಟ್ಟಿದ್ದನ್ನೂ ಅವರಿಗೆ ತಿಳಸ್ತೀಯಿಲ್ಲಪಾ?" ಎಂದು ಕೇಳಿದಳು. "ಅದರ ಜರೂರಿಲ್ಲ" ಎಂದೆ. ಈ ಹಾಳೆಯನ್ನು ನಿನ್ನ ಸಾಹೇಬರಿಗೆ ತೋರಿಸು. ಅಕ್ಕನಿಗೆ ಹೇಳಲು ಮಾತ್ರ ನಾಲಿಗೆ ಏಳುತ್ತಿಲ್ಲ. ಉಂಡಿಯ ಡಬ್ಬಿ ಮೇಜಿನ ಮೇಲೆಯೇ ಇದೆ, ಇನ್ನೂ ತೆರೆದಿಲ್ಲ.