ನಾಲ್ಕೂ ಪ್ಲಾಟ್‌ಫಾರ್ಮಿಗೆ ಕೇಳಿಸಿದ ಕರೆಯೋಲೆ

ಭಾನುವಾರ, ಮಧ್ಯಾಹ್ನ
ಮೇ ೧೮

ಸಭಿಕರೇ! ಕುರ್ಚಿ ಸಿಕ್ಕವರೇ, ಸಿಗದೆ ಬಾಗಿಲಿಗೆ ಒರಗಿ ನಿಂತವರೇ, ಗೋಡೆಯಾಚೆ ಕಿವಿಯಿಟ್ಟು ಕೂತಿರುವ ಪಕ್ಕದ ಮನೆಯ ಮೇಷ್ಟರೇ! ಕೆಮ್ಮುವವರು ಈಗಲೇ ಕೆಮ್ಮಿಬಿಡಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಪರದೆ ಏಳುತ್ತಿದೆ!

ತಮ್ಮಾ, ನನ್ನ ಕಾಗದವನ್ನು ನಿನ್ನ ಮನೆಯಾಕೆ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಾಳೆ ಎಂದು ನನಗೆ ಗೊತ್ತು. ಆದ್ದರಿಂದಲೇ ಈ ಸಂಬೋಧನೆ. ನಿಮಗೆಲ್ಲ ನನ್ನ ಆಶೀರ್ವಾದ. ನಾವು ಇಲ್ಲಿ ಮುಕ್ಕಾಲು ಪಾಲು ಕ್ಷೇಮ. ಉಳಿದ ಕಾಲು ಪಾಲಿನ ಕಥೆಯೇ ಈ ಕಾಗದ.

ನೀನು ಬರೆದು ಎಷ್ಟೋ ದಿನವಾಯಿತು, ಉತ್ತರ ತಡವಾಯಿತು, ಒಪ್ಪುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ‘ಹೂಂ’ ಬಿಟ್ಟು ಬೇರೆ ಮಾತಾಡುವವನಲ್ಲ. ನಾನು ಶುರು ಮಾಡಿದರೆ ಫೋನನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಎದ್ದು ಹೋಗುತ್ತೀ. ಕೇಳಿದರೆ, "ಅಲ್ಲಿಂದ್ಲೂ ಕೇಳಿಸುತ್ತೆ ಬಿಡಣ್ಣಾ" ಎನ್ನುತ್ತೀ.

ಅಪ್ಪನ ನಾಟಕದ ಕಂಪನಿಯಲ್ಲಿ, ಪರದೆಯ ಹಿಂದೆ, ಒಂದೇ ಚಾಪೆಯಲ್ಲಿ ಬೆಳೆದವರು ನಾವು. ಕೊನೆಯ ಸಾಲಿನಲ್ಲಿ ಗೊರಕೆ ಹೊಡೆಯುವವನೂ ಬೆಚ್ಚಿ ಏಳುವ ದನಿ ನನ್ನ ಪಾಲಿಗೆ ಬಂತು. ಮಾತು ಮರೆತು ನಿಂತ ನಟನಿಗೆ ಪಕ್ಕದ ಪರದೆಯ ಮರೆಯಿಂದ ಮೆಲ್ಲಗೆ ಎತ್ತಿಕೊಡುವ ದನಿ ನಿನ್ನದಾಯಿತು. ಈಗ ನೀನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಒದೆಯುವ ಎಮ್ಮೆಯೂ ನಿನ್ನ ದನಿಗೆ ಕಿವಿ ಆಡಿಸುತ್ತಾ ನಿಲ್ಲುತ್ತದಂತೆ. ನಾನು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಸಾರುವವನು. ನಾನು ಹೇಳಿದರೆ ಬರೀ ಬಸ್ಸು ಹೊರಡುವುದಿಲ್ಲ ತಮ್ಮಾ, ದಂಡು ಹೊರಡುತ್ತದೆ!

ಇರಲಿ, ಮದುವೆಯ ವಿಷಯಕ್ಕೆ ಬರುತ್ತೇನೆ. ಹುಡುಗ ನಿನಗೆ ಗೊತ್ತು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಬಾಯಿ ಕಡಿಮೆ, ನಗು ಜಾಸ್ತಿ. ಅವನೂ ನಮ್ಮ ಮಗಳೂ ಸೇರಿ ಮೊದಲೇ ಹೇಳಿಬಿಟ್ಟರು: ಸಾಲ ಬೇಡ, ಯಾರ ಹತ್ತಿರವೂ ಕೈ ಚಾಚುವುದು ಬೇಡ, ಇಬ್ಬರ ಉಳಿತಾಯದಲ್ಲಿ ಎಷ್ಟಾಗುತ್ತದೋ ಅಷ್ಟೇ ಮದುವೆ. ನಾನು ಎದೆಯ ಮೇಲೆ ಕೈಯಿಟ್ಟು, "ಹೆತ್ತ ತಂದೆ ಬದುಕಿರುವಾಗ..." ಎಂದು ಶುರು ಮಾಡಿದೆ. ನಿನ್ನ ಅತ್ತಿಗೆ ಒಳಗಿನಿಂದ, "ಬದುಕಿರೋ ತಂದೆ ಹೋಗಿ ಗ್ಯಾಸ್ ಸಿಲಿಂಡರ್ ತಂದ್ರೆ ಸಾಕು" ಎಂದಳು. ಅಂಕ ಮುಗಿಯಿತು.

ಮಗಳು ಕೆಲಸ ಮಾಡುವ ಗ್ರಂಥಾಲಯದ ಮಹಡಿಯ ಮೇಲೆ ಒಂದು ಸಭಾಂಗಣವಿದೆ. ಅವಳು ಅಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕುತ್ತಾಳೆ ಎಂಬ ವಿಶ್ವಾಸಕ್ಕೆ, ಬರೀ ಕರೆಂಟಿನ ಖರ್ಚಿಗೆ ಕೊಟ್ಟಿದ್ದಾರೆ. ರಜೆಯ ದಿನ, ಕುರ್ಚಿಗಳೂ ಅವರವೇ. ಮೆಟ್ಟಿಲ ಬುಡದಲ್ಲಿ ‘ನಿಶ್ಶಬ್ದ’ ಎಂದು ಬೋರ್ಡು. ಅದನ್ನು ನೋಡಿ ಬೀಗಿತ್ತಿ ನನ್ನ ಕಡೆ ತಿರುಗಿ, "ಬೀಗರೇ, ಇದು ನಿಮಗೇ ಅಂತ ಬರೆಸಿದ ಹಾಗಿದೆ" ಎಂದರು. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಅಡುಗೆಗೆ ಕಾರ್ಖಾನೆಯ ಕ್ಯಾಂಟೀನಿನವನು ಸಿಕ್ಕ. ಭಾನುವಾರ ಅವನಿಗೆ ಬಿಡುವು, ಅದಕ್ಕೇ ಅಗ್ಗ. ಒಳ್ಳೆಯ ಕೈ, ಕೆಟ್ಟ ಬಾಯಿ. "ನನ್ನ ಪಾತ್ರೆ ನೂರು ಜನದ್ದು ಸಾರ್. ನೂರೊಂದನೇ ಅವರು ಬಂದ್ರೆ ಅವರಿಗೆ ಸೌಟು ತೋರಿಸ್ತೀನಿ, ಊಟ ಅಲ್ಲ" ಎಂದ. ಸರಿ, ಹುಡುಗನ ಕಡೆ ಐವತ್ತು, ನಮ್ಮ ಕಡೆ ಐವತ್ತು. ಮಗಳು ಬೆರಳು ಮಡಚಿ ಮಡಚಿ ಎಣಿಸಿದಳು. ಆಮೇಲೆ ಪ್ರತಿದಿನ ಕೆಲಸ ಮುಗಿಸಿ, ಬಸ್ಸು ಹತ್ತಿ ಇಳಿದು, ಒಬ್ಬೊಬ್ಬರ ಮನೆಗೂ ತಾನೇ ಹೋಗಿ ಕರೆದು ಬಂದಳು. "ಎಲ್ಲಾರೂ ಬರ್ತಾರಂತೆ" ಎಂದು ಚಪ್ಪಲಿ ಬಿಡುವಾಗ ಅವಳ ಮುಖ ನೋಡಬೇಕಿತ್ತು.

ಇನ್ನು ಎರಡನೆಯ ಅಂಕ. ಮೇಷ್ಟರೇ, ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿ.

ಅಡುಗೆಯವನು ಒಪ್ಪಿದ ಮರುದಿನ ನಾನು ಗಾಜಿನ ಗೂಡಿಗೆ ಹೋದಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಮಗಳ ಮದುವೆ! ಹೊರಗೆ ನೋಡಿದರೆ ಜನವೋ ಜನ. ದೂರದ ಬಸ್ಸೊಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. ಮಕ್ಕಳು ಅಳುತ್ತಿದ್ದವು, ಗಂಡಸರು ಕಂಟ್ರೋಲರನನ್ನು ಮುತ್ತಿಕೊಂಡು ಬೈಯುತ್ತಿದ್ದರು. ನಾನು ಮೈಕು ಹಿಡಿದೆ. "ಮಾನ್ಯ ಪ್ರಯಾಣಿಕರೇ, ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ತಡವಾಗಿ ಬರಲಿದೆ" ಎಂದೆ. ಉಗಿದರು. ಆಗ ನನ್ನೊಳಗೆ ಅಪ್ಪ ಎದ್ದು ನಿಂತ ತಮ್ಮಾ! ಸಭೆ ಮುನಿದಿರುವಾಗ ನಟ ಸುಮ್ಮನಿರಬಹುದೇ?

"ಮಹಾಜನಗಳೇ!" ಎಂದೆ. "ಬಸ್ಸು ಇಂದಲ್ಲ ನಾಳೆ ಬಂದೀತು, ಆದರೆ ಈ ಬಡವನ ಏಕಮಾತ್ರ ಪುತ್ರಿಯ ವಿವಾಹ ಮುಂದಿನ ತಿಂಗಳ ಮೊದಲ ಭಾನುವಾರ, ಗ್ರಂಥಾಲಯದ ಮಹಡಿಯಲ್ಲಿ ನಿಶ್ಚಯವಾಗಿದೆ! ಚಾಲಕರೇ, ನಿರ್ವಾಹಕರೇ, ಅಂಗಡಿಯವರೇ, ಪ್ರಯಾಣಿಕ ಬಂಧುಗಳೇ, ಸಕುಟುಂಬ ಬನ್ನಿ, ಊಟ ಮಾಡಿ ಹರಸಿ!"

ಬೈಯುತ್ತಿದ್ದವರೆಲ್ಲ ಗೂಡಿನ ಕಡೆ ತಿರುಗಿದರು. ಆಮೇಲೆ ಚಪ್ಪಾಳೆ! ನಿಂತಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಅಳುತ್ತಿದ್ದ ಮಗುವೊಂದು ಬಾಯಿ ಮುಚ್ಚಿ ನನ್ನನ್ನೇ ನೋಡಿತು. ಅಂಥ ಚಪ್ಪಾಳೆ ಅಪ್ಪನಿಗೂ ಬಿದ್ದಿರಲಿಕ್ಕಿಲ್ಲ. ಮೈಕನ್ನು ಕೆಳಗಿಟ್ಟು ಕೂತೆ. ಕೂತ ಮೇಲೆ ಅಡುಗೆಯವನ ಪಾತ್ರೆ ಕಣ್ಣ ಮುಂದೆ ಬಂತು.

ಕಂಟ್ರೋಲರ್ ಗಾಜಿಗೆ ಬೆರಳಿನಿಂದ ಕುಟ್ಟಿದ. "ಏನು ಯಜಮಾನ್ರೇ, ನಾಲ್ಕೂ ಪ್ಲಾಟ್‌ಫಾರ್ಮಿಗೆ ಕೇಳಿಸ್ತು. ಮದುವೆಗೆ ಸ್ಪೆಷಲ್ ಬಸ್ ಎಷ್ಟು ಬಿಡ್ಲಿ?"

"ಸುಮ್ನೆ ಮಾತಿಗಂದೆ ಮಾರಾಯಾ. ಯಾರು ಬರ್ತಾರೆ?"

"ಯಾರು ಬರಲ್ಲ ಅನ್ನೋದನ್ನ ಹೇಳಿ!"

ಅಂದಿನಿಂದ ಅವನ ಮಾತೇ ನಿಜವಾಗುತ್ತಿದೆ. ಡ್ರೈವರುಗಳು ರಜೆ ಬದಲಾಯಿಸಿಕೊಳ್ಳುತ್ತಿದ್ದಾರೆ. ಹಣ್ಣಿನ ಅಂಗಡಿಯಾಕೆ, "ಅಣ್ಣಾ, ನಮ್ಮತ್ತೇನೂ ಕರ್ಕೊಂಡು ಬರ್ಲಾ? ಅವರಿಗೆ ಹಲ್ಲಿಲ್ಲ, ಜಾಸ್ತಿ ತಿನ್ನಲ್ಲ" ಎಂದು ಕೇಳಿದಳು. ಮುಖವೇ ಗೊತ್ತಿಲ್ಲದ ಹೆಂಗಸೊಬ್ಬಳು ಬಸ್ಸಿನ ಕಿಟಕಿಯಿಂದ ಕೈ ಹೊರಚಾಚಿ, ಕಾಗದದಲ್ಲಿ ಸುತ್ತಿದ ಉಡುಗೊರೆ ಕೊಟ್ಟು, "ಮಗಳಿಗೆ ಕೊಡಿ, ಬರೋಕಾದ್ರೆ ಬರ್ತೀನಿ" ಎಂದಳು. ಬಸ್ಸು ಹೋಯಿತು. ಒಳಗೆ ಎರಡು ಸ್ಟೀಲ್ ಲೋಟ. ನಾನು ಲೋಟ ಹಿಡಿದು ಹೊಗೆಯ ನಡುವೆ ನಿಂತಿದ್ದೆ. ಬರುವವಳೋ, ಬರದವಳೋ? ಅವಳನ್ನು ಎಲ್ಲಿ ಹುಡುಕಲಿ?

ಎಲ್ಲಕ್ಕಿಂತ ಕಷ್ಟ ಚಪ್ಪಲಿ ಹೊಲಿಯುವವನದು. ಎರಡನೇ ಪ್ಲಾಟ್‌ಫಾರ್ಮಿನ ಕಂಬದ ಬುಡದಲ್ಲಿ ಕೂರುವವನು, ಯಾರೊಂದಿಗೂ ಹೆಚ್ಚು ಮಾತಿಲ್ಲದವನು. ಮೊನ್ನೆ ನನ್ನನ್ನು ತಡೆದು, "ಸ್ವಾಮಿ, ಈ ವಯಸ್ಸಲ್ಲಿ ಮೊದಲನೇ ಸಲ ನನ್ನ ಯಾರಾದ್ರೂ ಮೈಕಲ್ಲಿ ಕರೆದಿದ್ದು" ಎಂದ. ನಾನು ಅವನನ್ನು ಕರೆದಿರಲಿಲ್ಲ ತಮ್ಮಾ, ಎಲ್ಲರನ್ನೂ ಕರೆದಿದ್ದೆ. ಅವನು ಹೊಸ ಅಂಗಿಗೆ ಬಟ್ಟೆ ಕೊಂಡು ಹೊಲಿಯಲು ಕೊಟ್ಟಿದ್ದಾನೆ.

ಅಡುಗೆಯವನು ಬುಧವಾರದೊಳಗೆ ಸರಿಯಾದ ಲೆಕ್ಕ ಹೇಳಿ ಎಂದಿದ್ದಾನೆ. ಹೆಚ್ಚು ಹೇಳಿದರೆ ಬೇರೆ ಪಾತ್ರೆ, ಬೇರೆ ಆಳು. ಅದಕ್ಕೆ ಮಕ್ಕಳ ಉಳಿತಾಯ ಸಾಲದು. ಕಡಿಮೆ ಹೇಳಿದರೆ ಮಗಳು ಮನೆಮನೆಗೆ ಹೋಗಿ ಕರೆದವರು ಖಾಲಿ ತಟ್ಟೆಯ ಮುಂದೆ ಕೂರಬೇಕು. ನಿನ್ನ ಅತ್ತಿಗೆ ನನ್ನೊಡನೆ ಜಗಳವನ್ನೂ ಆಡುತ್ತಿಲ್ಲ. ಅದು ಇನ್ನೂ ಭಯ.

ಒಂದು ಮುಖ್ಯ ಕೆಲಸ ನಿನಗಿದೆ. ಮದುವೆಯ ದಿನ ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರನ್ನು ನೀನೇ ಬರಮಾಡಿಕೊಳ್ಳಬೇಕು. ನನಗೆ ಮಂಡಿ ನೋವು, ಬಹಳ ಹೊತ್ತು ನಿಲ್ಲಲಾರೆ. ಹಿಂದಿನ ದಿನವೇ ಸಂಸಾರ ಸಮೇತ ಬಂದುಬಿಡು. ಹಾಸಿಗೆಗೆ ಚಿಂತೆ ಬೇಡ, ನಮ್ಮ ಮನೆಯ ಮಹಡಿಯ ಕೋಣೆ ಖಾಲಿ ಮಾಡಿಸಿದ್ದೇನೆ.

ನಿನ್ನ ಮನೆಯಾಕೆಗೆ ನನ್ನ ಆಶೀರ್ವಾದ. ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಎಮ್ಮೆಗಳು ಒದೆಯದಿರಲಿ, ಮೇಷ್ಟರ ಕಿವಿ ನೂರು ವರ್ಷ ಚುರುಕಾಗಿರಲಿ. ಪರದೆ ಬಿತ್ತು. ಚಪ್ಪಾಳೆ ತಟ್ಟಿ, ಮಲಗಲು ಹೊರಡಿ.

ನಿನ್ನ ಅಣ್ಣ

ಮತ್ತೊಂದು ಮಾತು: ಇಲ್ಲಿಂದ ಮುಂದೆ ಗಟ್ಟಿಯಾಗಿ ಓದುವುದು ಬೇಡ. ಹಾಳೆಯನ್ನು ಅವಳ ಕೈಯಿಂದ ತೆಗೆದುಕೋ, ಎದ್ದು ಹೊರಗೆ ಬಾ.

ನನ್ನ ಮಂಡಿಗೆ ಏನೂ ಆಗಿಲ್ಲ ತಮ್ಮಾ.

ನಾನು ಮೈಕಿನಲ್ಲಿ ಕರೆದದ್ದು ಮಗಳಿಗೆ ಗೊತ್ತಾದದ್ದು ಕಂಡಕ್ಟರೊಬ್ಬನಿಂದ. ಅವಳು ಬಸ್ಸಿನಲ್ಲಿ ಹೋಗುತ್ತಿದ್ದಾಗ, ಅವನನ್ನು ಮದುವೆಗೆ ಕರೆಯಬೇಕೆಂದು ಬಾಯಿ ತೆರೆದಿದ್ದಾಳೆ. ದಿನಾ ಅವಳಿಗಾಗಿ ಬಸ್ಸು ನಿಲ್ಲಿಸಿ ಕಾಯುವವನು, ಅವಳು ಮಡಚಿದ ಬೆರಳುಗಳಲ್ಲಿ ಒಂದು ಬೆರಳು ಅವನದು. ಅವನು ಅವಳ ಮಾತು ಮುಗಿಯಲೂ ಬಿಡದೆ, "ಗೊತ್ತು ಬಿಡಮ್ಮ, ನಿಮ್ಮಪ್ಪ ಆಗಲೇ ಊರಿಗೆಲ್ಲಾ ಸಾರಿ ಆಯ್ತು" ಎಂದು ನಕ್ಕನಂತೆ.

ಆ ಸಂಜೆ ಅವಳು ಕೂಗಾಡಲಿಲ್ಲ. ಅಡುಗೆಮನೆಯಲ್ಲಿ ನನ್ನೆದುರು ಕೂತು, "ಅಪ್ಪಾ, ಅವತ್ತು ಬಾಗಿಲಲ್ಲಿ ಚಿಕ್ಕಪ್ಪ ನಿಂತ್ಕೊಳ್ಳಲಿ" ಎಂದಳು.

"ಯಾಕಮ್ಮಾ? ನಾನಿಲ್ವಾ?"

"ನೀನಿದ್ರೆ ಅಲ್ಲಿ ನಾನಿರಲ್ಲ ಅಪ್ಪಾ. ನಾನು ಪಾಸಾಗಿದ್ದು, ನಂಗೆ ಕೆಲಸ ಸಿಕ್ಕಿದ್ದು, ಇವರನ್ನ ಇಷ್ಟಪಟ್ಟಿದ್ದು... ಒಂದೇ ಒಂದು ಸುದ್ದಿ ನನ್ನ ಬಾಯಿಂದ ಯಾರಿಗಾದ್ರೂ ಹೇಳೋಕೆ ಬಿಟ್ಟಿದ್ದೀಯಾ? ಈ ಐವತ್ತು ಜನಾನ ನಾನೇ ಹೋಗಿ ಕರೀತಿದ್ದೆ. ಅಷ್ಟೇ ನಂಗೆ ಇದ್ದಿದ್ದು."

ನನಗೆ ಮಾತು ಮರೆತುಹೋಯಿತು. ಪಕ್ಕದ ಪರದೆಯ ಕಡೆ ನೋಡುವಂತೆ ಒಮ್ಮೆ ಬಲಗಡೆ ತಿರುಗಿದೆ. ಅಲ್ಲಿ ಫ್ರಿಜ್ ಇತ್ತು, ನೀನಿರಲಿಲ್ಲ.

"ನಾಳೇನೇ ಮೈಕಲ್ಲಿ ಎಲ್ಲಾರಿಗೂ ಬರಬೇಡಿ ಅಂತ ಹೇಳಿಬಿಡ್ತೀನಿ" ಎಂದೆ, ಆತುರಕ್ಕೆ ಬಿದ್ದು.

"ಮತ್ತೆ ಮೈಕಾ?" ಎಂದಳು. ಎದ್ದು ತಟ್ಟೆ ತೊಳೆಯತೊಡಗಿದಳು.

ಅದಾಗಿ ಇಂದಿಗೆ ಮೂರು ದಿನ. ‘ಊಟ ಬಡಿಸ್ಲಾ’, ‘ಬಾಗಿಲು ಹಾಕ್ಕೋ’, ಇಷ್ಟೇ ಮಾತು. ಆ ದಿನ ನಾನು ಎಲ್ಲಿ ಕೂರಬೇಕೆಂದು ಅವಳು ಹೇಳಿಲ್ಲ. ಮುಂದಿನ ಸಾಲಿನಲ್ಲೋ, ಹಿಂದೋ? ಕೇಳಲು ನನಗೆ ಧೈರ್ಯವಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ.

ನೀನು ಬಾಗಿಲಲ್ಲಿ ನಿಲ್ಲು. ನನ್ನ ಮಾತು ನಂಬಿ ಯಾರಾದರೂ ಬಂದೇಬಿಟ್ಟರೆ, ಅವರಿಗೆ ನೋವಾಗದ ಹಾಗೆ ಏನು ಹೇಳಬೇಕೋ ನಿನಗೆ ಗೊತ್ತು. ಬರಬೇಡಿ ಎಂದು ಉಳಿದವರಿಗೆ, ಒಬ್ಬೊಬ್ಬರ ಹತ್ತಿರವೂ ಹೋಗಿ, ನಾನೇ ಹೇಳಬೇಕು. ನಿನ್ನೆಯಿಂದ ಮೆಲ್ಲಗೆ ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿನ್ನ ಅತ್ತಿಗೆಯ ಮುಂದೆ ಒಂದು ಸಲ ಹೇಳಿ ತೋರಿಸಿದೆ. "ಇನ್ನೂ ಸ್ವಲ್ಪ ಇಳಿಸಿ, ಎದುರುಮನೆಯವರು ಕಿಟಕಿ ತೆಗೆದ್ರು" ಎಂದಳು. ಇಷ್ಟು ದಿನದಲ್ಲಿ ಅವಳು ನನ್ನೊಡನೆ ನಕ್ಕದ್ದು ಆಗಲೇ. ಮತ್ತೆ ಇಳಿಸಿದೆ. ದನಿ ಇಳಿದ ಹಾಗೆ ಕೈ ಮೈಕನ್ನು ಹುಡುಕುತ್ತದೆ ತಮ್ಮಾ. ಇಷ್ಟು ವರ್ಷ ನೀನು ಹೇಗೆ ಮಾತಾಡಿದೆಯೋ ಕಾಣೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೂ ಮುಂಚೆ ನಿಲ್ದಾಣಕ್ಕೆ ಹೋಗುತ್ತೇನೆ. ಗೂಡಿನ ಬೀಗ ತೆಗೆಯುವುದಿಲ್ಲ. ಎರಡನೇ ಪ್ಲಾಟ್‌ಫಾರ್ಮಿಗೆ ಹೋಗಿ, ಚಪ್ಪಲಿ ಹೊಲಿಯುವವನ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ. ಕರೆದದ್ದು ನಾನು, ಮದುವೆ ನನ್ನದಲ್ಲ ಎಂದು ಅವನೊಬ್ಬನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳುತ್ತೇನೆ. ಅವನು ಏನನ್ನುತ್ತಾನೋ ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಎದ್ದು, ಹಣ್ಣಿನ ಅಂಗಡಿಯಾಕೆಯ ಹತ್ತಿರ ಹೋಗುತ್ತೇನೆ.