ಕೆಂಪುಹಳ್ಳ ಜಂಕ್ಷನ್ನಿನ ಗಾಜಿನ ಬಾಗಿಲು

ಎರಡು ಸಾವಿರದ ನೂರ ಅರವತ್ತೆಂಟನೆಯ ಇಸವಿ,
ಹದಿಮೂರನೆಯ ತಿಂಗಳಾದ ಕೆಂಡಮಾಸದ ಒಂಬತ್ತನೆಯ ದಿನ

ನಮಗಿಂತ ಮೊದಲು ರೈಲು ಕಾದವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮಗೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಅಧಿಕಮಾಸ ನಮಗೆ ಪ್ರತಿವರ್ಷವೂ ಬೇಸಿಗೆಯ ನಡುವೆ ಬರುತ್ತದೆ, ಅದೇ ಕೆಂಡಮಾಸ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವುದಿಲ್ಲ.

ನಿಮ್ಮ ಕಾಲದ ಕಾಗದಪತ್ರಗಳನ್ನು ಮೂವತ್ತು ವರ್ಷ ಕುಳಿತು ಓದಿದ್ದೇನೆ. ಕೆಂಪುಹಳ್ಳ ಜಂಕ್ಷನ್ನಿನ ಹಳೆಯ ನಕ್ಷೆಯಲ್ಲಿ, ಒಂದನೆಯ ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರಿಗೂ ಸೇರಿದ ಒಂದು ತಂಗುಕೋಣೆ ಇದೆ. ಕಲ್ಲುಬೆಂಚು, ನಾಲ್ಕು ಫ್ಯಾನು, ಹೊರಗೋಡೆಗೆ ಒಂದು ನಲ್ಲಿ. ನೀವು ಮೊದಲು ಅದರ ಅರ್ಧಕ್ಕೆ ಗಾಜು ಹಾಕಿಸಿ, ಎ.ಸಿ. ಇಟ್ಟು, ಲೌಂಜ್ ಎಂದು ಹೆಸರಿಟ್ಟಿರಿ. ಆಮೇಲೆ ಉಳಿದರ್ಧವೂ ಹೋಯಿತು. ಕೊನೆಗೆ ನಲ್ಲಿಯೂ ಒಳಗೆ ಹೋಗಿ ‘ಸೌಲಭ್ಯಗಳು’ ಎಂಬ ಪಟ್ಟಿಯಲ್ಲಿ ಮೂರನೆಯದಾಯಿತು. ಬಾಗಿಲಿಗೆ ನಿಯಮಗಳ ಫಲಕ ತೂಗುಹಾಕಿದಿರಿ. ಟಿಕೆಟ್ ಉಳ್ಳವರಿಗೆ ಮಾತ್ರ ಪ್ರವೇಶ. ವೇಳಾಪಟ್ಟಿಯಂತೆ ರೈಲು ಹೊರಡುವ ಸಮಯಕ್ಕೆ ಎರಡು ಗಂಟೆ ಮೊದಲಿನಿಂದ ಆ ಸಮಯದವರೆಗೆ ಮಾತ್ರ. ಅವಧಿ ಮುಗಿಯದವರು ಒಬ್ಬ ಅತಿಥಿಯನ್ನು ಒಳಗೆ ಕರೆತರಬಹುದು. ರೈಲು ತಡವಾದರೆ ಏನು ಎಂಬುದನ್ನು ಬರೆಯಲಿಲ್ಲ. ನಿಮಗದು ಗೊಣಗುತ್ತ ಎದ್ದುಹೋಗುವ ಸಂಗತಿ, ಅಷ್ಟೆ. ಆಮೇಲೆ ಎಷ್ಟೋ ಸರ್ಕಾರಗಳು ಬಂದು ಹೋದವು. ಫಲಕದ ಒಂದಕ್ಷರವೂ ಬದಲಾಗಲಿಲ್ಲ.

ಈಗ ಆ ಕೋಣೆಗೆ ತಂಪುಮನೆ ಎನ್ನುತ್ತೇವೆ. ಕೆಂಡಮಾಸದ ಮಧ್ಯಾಹ್ನಗಳಲ್ಲಿ ಬಿಸಿಲು ಮಿತಿ ಮೀರಿದಾಗ ಉರಿಗಂಟೆ ಬಾರಿಸುತ್ತದೆ. ಅದು ಬಾರಿಸಿದ ಮೇಲೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಯಲಲ್ಲಿ ನಿಂತವರು ಬದುಕುವುದು ಕಡಿಮೆ. ತಂಪುಮನೆಯೊಳಗೆ ಒರಗು ಕುರ್ಚಿಗಳಿವೆ, ಮೊಸರನ್ನವಿದೆ, ಚಹಾದ ದೊಡ್ಡ ಹಂಡೆಯಿದೆ, ಕಬ್ಬಿಣದ ಕೋಲಿಗೆ ಸಿಕ್ಕಿಸಿದ ಪತ್ರಿಕೆಗಳಿವೆ. ಒಳಗೆ ಹೋಗುವವರ ಮುಂಗೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಅವಧಿ ಇರುವವರೆಗೆ ಅದು ಹಸಿರು, ಮುಗಿದರೆ ಕೆಂಪು. ಪಟ್ಟಿಯಿಲ್ಲದ ಕೈಗೆ ಬಾಗಿಲು ತೆರೆಯುವುದಿಲ್ಲ.

ಇಷ್ಟಾದರೂ ನಮ್ಮ ಕಡೆಯವರು ಒಂದು ರೂಢಿ ಬಿಟ್ಟಿರಲಿಲ್ಲ. ಊರಿಗೆ ಹೊರಟವರನ್ನು ಸ್ಟೇಷನ್ನಿಗೆ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಗಾಡಿ ಕಣ್ಮರೆಯಾಗುವವರೆಗೆ ಮನೆಯವರೊಬ್ಬರು ನಿಂತು ಕೈಬೀಸಬೇಕು. ಅವರು ಎಲ್ಲಿ ನಿಲ್ಲಬೇಕೆಂದು ಫಲಕ ಹೇಳುತ್ತಿರಲಿಲ್ಲ.

ಮೂವತ್ತೊಂಬತ್ತು ವರ್ಷಗಳ ಹಿಂದೆ, ಇದೇ ಕೆಂಡಮಾಸದಲ್ಲಿ, ನಾನು ಸೊಲ್ಲಾಪುರಕ್ಕೆ ಹೊರಟಿದ್ದೆ. ಕಳಿಸಲು ತಂಗಿ ಕಸ್ತೂರಿ ಬಂದಿದ್ದಳು, ರೊಟ್ಟಿಬುತ್ತಿ ಹಿಡಿದುಕೊಂಡು. ಗಾಡಿ ಹನ್ನೆರಡೂವರೆಗೆ ಹೊರಡಬೇಕಿತ್ತು. ಬಿಸಿಲಿಗೆ ಹಳಿ ಸೊಟ್ಟಗಾಗಿ ಎಲ್ಲೋ ನಿಂತಿತು. ಅತಿಥಿಯಾಗಿ ಒಳಗೆ ಬಾ ಎಂದು ನಾನು ಮೊದಲೇ ಕರೆದಿದ್ದೆ. ದೊಡ್ಡವರ ಕುರ್ಚಿಯಲ್ಲಿ ಕೂತರೆ ನನಗೆ ಮೈ ಕಡಿಯುತ್ತದೆ ಎಂದು ನಕ್ಕು ಅವಳು ಹೊರಗೇ ನಿಂತಳು. ಹನ್ನೆರಡೂ ನಲವತ್ತಕ್ಕೆ, ಯಾರೂ ಎಣಿಸದ ಹೊತ್ತಿನಲ್ಲಿ, ಉರಿಗಂಟೆ ಬಾರಿಸಿತು. ನನ್ನ ಪಟ್ಟಿ ಕೆಂಪಾಗಿ ಹತ್ತು ನಿಮಿಷವಾಗಿತ್ತು.

ಗಾಜಿನ ಆಚೆ ಅರವತ್ತು ಜನರಿದ್ದರು, ಎಲ್ಲರೂ ಕಳಿಸಲು ಬಂದವರು. ಈಚೆ ಕುಳಿತವರು ಅವರ ಅಕ್ಕತಂಗಿಯರು, ಮಾವಂದಿರು, ಮಕ್ಕಳು. ಬಾಗಿಲು ಕಾಯುತ್ತಿದ್ದವನು ಮಹಾಂತಪ್ಪ, ನಮ್ಮ ಓಣಿಯವನೇ, ಕಸ್ತೂರಿಯ ಜೊತೆ ಶಾಲೆಗೆ ಹೋದವನು. ಇವಳೊಬ್ಬಳನ್ನು ಬಿಡು ಎಂದು ಅವನನ್ನು ಬೇಡಿಕೊಂಡೆ. ಅವನು ಫಲಕದ ಕಡೆ ತಿರುಗಿ, ಮೇಲಿದ್ದ ಕ್ಯಾಮೆರಾಕ್ಕೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: “ಅಕ್ಕಾರ, ನಿಮ್ಮ ಟೈಮೇ ಮುಗದದ. ನೀವೇ ಹೊರಗಿರಬೇಕಾದವ್ರು, ಇನ್ನೊಬ್ಬರನ್ನ ಹೆಂಗ ಕರಿತೀರಿ?”

ಕಸ್ತೂರಿ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಅವಳ ತುಟಿ ಆಗಲೇ ಒಡೆದಿತ್ತು. ಮಹಾಂತಪ್ಪನ ಕೈ ಸೊಂಟದ ಹತ್ತಿರ ಸರಿಯಿತು. ಅಲ್ಲಿ ಅವನ ಬಡಿಗೆ ಇರುತ್ತಿತ್ತು. ನಾನು ಪತ್ರಿಕೆಯ ಕಬ್ಬಿಣದ ಕೋಲನ್ನು ಕಿತ್ತುಕೊಂಡು ಅವನ ತಲೆಗೆ ಹೊಡೆದೆ. ಎರಡನೆಯ ಏಟಿಗೆ ಅವನು ಮಂಡಿಯೂರಿದ. ಆಮೇಲೆ ನಾನೊಬ್ಬಳೇ ಇರಲಿಲ್ಲ. ಕುರ್ಚಿಗಳು ಬಂದವು, ಚಹಾದ ಹಂಡೆ ಕುದಿಯುತ್ತಿರುವಂತೆಯೇ ಅವನ ಬೆನ್ನ ಮೇಲೆ ಉರುಳಿತು. ಹೊರಗಿನವರು ಹಳಿಯ ಜಲ್ಲಿಕಲ್ಲು ಎತ್ತಿ ಗಾಜು ಒಡೆದರು. ಅದು ಬಿದ್ದಾಗ ಒಳಗಿನವರು ಹೊರಗಿನವರನ್ನೂ, ಹೊರಗಿನವರು ಒಳಗಿನವರನ್ನೂ ಗಾಜಿನ ಚೂರುಗಳಿಂದ ಇರಿದರು. ಯಾಕೆಂದರೆ ಅಷ್ಟು ಹೊತ್ತಿಗೆ ತಂಪು ಓಡಿಹೋಗಿತ್ತು, ಉಳಿದದ್ದು ಒಂದೇ ನಲ್ಲಿ. ಗಾಡಿ ಬಂದದ್ದು ಐದು ಗಂಟೆಗೆ. ನೆಲದ ಮೇಲೆ ಮೂವತ್ತೊಂದು ಹೆಣಗಳಿದ್ದವು. ಹೆಚ್ಚಿನವು ಒಳಗಿನವರವೇ, ಮುದುಕರು, ಕೂಸುಗಳು.

ನಾವಿಬ್ಬರು ಆ ನಲ್ಲಿಯ ಕೆಳಗೆ ಕುಳಿತು ಬದುಕಿದೆವು. ಅಲ್ಲಿಗೆ ತಲುಪಲು ನಾನು ಯಾರನ್ನು ತುಳಿದೆನೆಂದು ನನಗೆ ಗೊತ್ತಿದೆ, ನಿಮಗೆ ಬರೆಯಲಾರೆ. ಕಸ್ತೂರಿ ಮಹಾಂತಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನ ಉಸಿರು ನಿಂತ ಮೇಲೆ ನನ್ನನ್ನು ನೋಡಿ ಹೇಳಿದಳು: “ಅಂವ ಬಡಿಗಿಗೆ ಕೈ ಹಾಕಿದ್ದಿಲ್ಲ ಅಕ್ಕಾ. ಗಾಜಿನಾಚಿಂದ ನಾ ನೋಡೀನಿ. ಕ್ಯಾಮೆರಾಕ್ಕ ಕಾಣದಂಗ ತನ್ನ ಪಟ್ಟಿ ಬಿಚ್ಚಲಿಕ್ಕತ್ತಿದ್ದ.”

ನೌಕರರ ಮುಂಗೈಯ ಪಟ್ಟಿ ಕೆಂಪಾಗುವುದಿಲ್ಲ, ಯಾರು ಕಟ್ಟಿಕೊಂಡರೂ ಬಾಗಿಲು ತೆರೆಯುತ್ತದೆ. ಅದು ಅರ್ಧ ಬಿಚ್ಚಿಕೊಂಡು ಅವನ ಮುಂಗೈಯಲ್ಲಿ ನೇತಾಡುತ್ತಿತ್ತು.

ವಿಚಾರಣೆ ಎಂಟು ತಿಂಗಳು ನಡೆಯಿತು. ಮೊದಲ ಏಟು ನನ್ನದೆಂದು ಎದ್ದು ನಿಂತು ಹೇಳಿದೆ. ‘ಉದ್ರಿಕ್ತ ಗುಂಪು’ ಎಂದು ಬರೆದುಕೊಂಡು ನನ್ನನ್ನು ಕೂರಿಸಿದರು. ಫಲಕದಲ್ಲಿ ದೋಷವಿಲ್ಲ ಎಂದು ತೀರ್ಪಾಯಿತು. ನಿಯಮ ಮೀರಿದವನೆಂದು ಹೆಸರು ಹಿಡಿದು ಬರೆದದ್ದು ಒಬ್ಬನನ್ನು, ಪಟ್ಟಿ ಬಿಚ್ಚಿದ ಮಹಾಂತಪ್ಪನನ್ನು. ಹೊಸ ಗಾಜು ಬಂತು, ಮೊದಲಿಗಿಂತ ದಪ್ಪ. ಅದೇ ಫಲಕವನ್ನು ಒರೆಸಿ ಮತ್ತೆ ತೂಗುಹಾಕಿದರು.

ಕಸ್ತೂರಿ ಹೋದ ವರ್ಷ ತೀರಿಕೊಂಡಳು. ಬದುಕಿದ್ದಷ್ಟು ದಿನ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಸ್ಟೇಷನ್ನಿಗೆ ನನ್ನನ್ನು ಕಳಿಸಲು ಮತ್ತೆ ಬರಲೂ ಇಲ್ಲ.

ನನ್ನ ಪಾಪವನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಅದು ನನ್ನದು, ಅದರ ತೂಕ ಈ ಕೈಗೆ ಗೊತ್ತು. ಆದರೆ ಆ ಮಧ್ಯಾಹ್ನ ನಿಯಮ ಬರೆದವನು ನಮ್ಮ ಕೈಗೆ ಸಿಗಲಿಲ್ಲ. ಓದಿ ಹೇಳಿದವನು ಸಿಕ್ಕ. ಬರೆದವರು ನೀವು, ತಂಪಾದ ಕೋಣೆಯಲ್ಲಿ ಕುಳಿತು. ನೀವು ಸತ್ತು ಆಗಲೇ ಎಷ್ಟೋ ಕಾಲವಾಗಿತ್ತು.

ಆದ್ದರಿಂದ ಒಂದೇ ಕೋರಿಕೆ. ಫಲಕ ತೂಗುಹಾಕುವ ಮೊದಲು ಅದನ್ನು ಬರೆದವರನ್ನು ಕರೆತನ್ನಿ. ಮೇ ತಿಂಗಳ ಒಂದು ಮಧ್ಯಾಹ್ನ, ಗಾಡಿ ನಾಲ್ಕು ತಾಸು ತಡವಾದ ದಿನ, ಅವರನ್ನೇ ಆ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ. ಗಾಜಿನ ಆಚೆ ಅವರ ತಂಗಿ ನಿಂತಿರಲಿ, ಬುತ್ತಿ ಹಿಡಿದುಕೊಂಡು.

ನಲ್ಲಿಯನ್ನು ಹೊರಗೇ ಬಿಡಿ.

ಕೆಂಪುಹಳ್ಳದಿಂದ,
ಮಹಾಂತಪ್ಪನನ್ನು ಕೊಂದವಳು,
ನೀಲಗಂಗಾ ಹಡಪದ