ಕಾರಿನ ಮೂತಿಗೆ ಮುಖ ಮಾಡಿ ನಿಂತ ಹುಡುಗಿ

ಪಾಂಟಿಯಾಕ್, ಮಿಶಿಗನ್
ಜುಲೈ 14, 1998

ನನ್ನ ಮುದ್ದಿನ ಬರ್ನಿ ಅಕ್ಕ,

ಹೇಗಿದ್ದೀಯ? ಮಕ್ಕಳು ಹೇಗಿದ್ದಾರೆ? ಮದುವೆಯಾಗಿ ತಿಂಗಳು ದಾಟಿದರೂ ತಂಗಿ ನಾಲ್ಕು ಸಾಲು ಗೀಚಲಿಲ್ಲವೆಂದು ಮುನಿಸಿಕೊಂಡಿರಬೇಕು. ಮುನಿಸಿಕೋ, ತಪ್ಪು ನನ್ನದೇ. ಏನು ಮಾಡಲಿ, ಸಂತೋಷದಲ್ಲಿ ಕೈಗೆ ಪೆನ್ನೇ ಹತ್ತುತ್ತಿಲ್ಲ! ಡ್ವೈಟ್ ದಿನಾ ಬೆಳಿಗ್ಗೆ ನನಗೆ ಪ್ಯಾನ್‌ಕೇಕ್ ಮಾಡಿಕೊಡುತ್ತಾನೆ. ಸೀದಿರುತ್ತವೆ. ನಾನು ಸಿಹಿ ಪಾಕ ಸುರಿದುಕೊಂಡು ಅಷ್ಟನ್ನೂ ತಿನ್ನುತ್ತೇನೆ. ಅಪ್ಪನ ಹಸಿರು ಜಿಟಿಓ ನಮ್ಮ ಗ್ಯಾರೇಜಿನಲ್ಲಿ, ಡ್ವೈಟನ ಇನ್ನೆರಡು ಕಾರುಗಳ ನಡುವೆ, ಪಟ್ಟದ ರಾಣಿಯ ಹಾಗೆ ನಿಂತಿದೆ.

ಗೊತ್ತು, ಆ ಕಾರಿನ ಹೆಸರೆತ್ತಿದರೆ ನಿನಗೆ ಮೈ ಉರಿಯುತ್ತದೆ. ಸೀಟಿನ ಮೇಲೆ ಐಸ್‌ಕ್ಯಾಂಡಿ ಚೆಲ್ಲಿದ್ದಕ್ಕೆ ಅಪ್ಪ ನಿನ್ನನ್ನು ಅದರ ಮೂತಿಗೆ ಮುಖ ಮಾಡಿಸಿ, ತಾನು ಇಡೀ ಕಾರು ಉಜ್ಜಿ ಮುಗಿಸುವವರೆಗೆ ನಿಲ್ಲಿಸಿದ್ದನ್ನು ನೀನು ಮರೆತಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರು ಕೊಳ್ಳಲು ಬಂದವನನ್ನೇ ಮದುವೆಯಾಗುತ್ತೇನೆಂದು ನಾನು ಹೇಳಿದಾಗ ಫೋನಿನಲ್ಲಿ ನೀನು ಏನಂದೆ? "ಕಾರು ತಗೊಂಡೋನಿಗೆ ಸ್ಟೆಪ್ನಿ ಥರ ನೀನೂ ಫ್ರೀ ಏನೇ?" ಆಮೇಲೆ ಮದುವೆಗೂ ಬರಲಿಲ್ಲ. ಇರಲಿ, ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.

ಭಾನುವಾರ ಇಲ್ಲಿನ ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ ಹಳೆಯ ಮಸಲ್ ಕಾರುಗಳ ಪ್ರದರ್ಶನ ಇತ್ತು, ನಾವೂ ಅಪ್ಪನ ಕಾರು ಒಯ್ದಿದ್ದೆವು. ಅಬ್ಬಾ, ಆ ಜನ! ರಸ್ತೆ ಕಿತ್ತುಬರುವ ಹಾಗೆ ಓಡಲೆಂದೇ ಹುಟ್ಟಿದ ಕಾರುಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಬರುತ್ತಾರೆ, ಚಕ್ರಕ್ಕೆ ಧೂಳು ತಾಗಬಾರದಂತೆ. ಇಳಿಸಿ, ತಳವೂ ಕಾಣಲೆಂದು ಕಾರಿನ ಹೊಟ್ಟೆಯಡಿ ಕನ್ನಡಿ ಇಟ್ಟು, ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ಹಾಟ್‌ಡಾಗ್ ಜಗಿಯುತ್ತ ಸಂಜೆಯವರೆಗೂ ಕಾವಲು ಕೂರುತ್ತಾರೆ. ಒರೆಸುವುದು ಎಳೆ ಮಗುವಿಗೆ ಕಟ್ಟುವ ಮೆತ್ತನೆಯ ಬಟ್ಟೆಯಲ್ಲೇ ಆಗಬೇಕು. ಹೆತ್ತ ಮಕ್ಕಳ ಕುಂಡಿಯನ್ನು ಈ ಮಹಾಶಯರು ಒಮ್ಮೆಯಾದರೂ ಒರೆಸಿರಲಾರರು.

ಪ್ರತಿ ಕಾರಿನ ಮುಂದೂ ಅದರ ಕಥೆ ಬರೆದ ಒಂದು ಹಲಗೆ. ಕಥೆ ಇಲ್ಲದಿದ್ದರೆ ಅದು ಬರೀ ತಗಡಂತೆ. ಎಂಥ ಕಥೆಗಳು, ಅಕ್ಕ! ನಮ್ಮ ಸಾಲಿನಲ್ಲೇ ಮೂರು ಕಾರುಗಳನ್ನು ಒಬ್ಬೊಬ್ಬ ಮುದುಕಿ ಚರ್ಚಿಗೆ ಮಾತ್ರ ಓಡಿಸುತ್ತಿದ್ದಳಂತೆ. ದೇವರ ಹತ್ತಿರ ಹೋಗಲು ಆ ಮುದುಕಿಯರಿಗೆ ಅದೇನು ಅಷ್ಟೊಂದು ಅವಸರವೋ! ಉಳಿದವೆಲ್ಲ ವಿಯೆಟ್ನಾಮಿಗೆ ಹೋಗಿ ಹಿಂತಿರುಗದ ಹುಡುಗರ ಕಾರುಗಳು, ಹುಲ್ಲಿನ ಮೆದೆಯಡಿ ಸಿಕ್ಕಿದವು. ನಮ್ಮ ಪಕ್ಕದಲ್ಲಿ ಮೆರ್ಲ್ ಎಂಬ ಡೊಳ್ಳುಹೊಟ್ಟೆಯವನಿದ್ದ. ಡ್ವೈಟ್ ಅವನನ್ನು ಬಿಡಲೇ ಇಲ್ಲ.

"ಏನಪ್ಪಾ ಮೆರ್ಲ್, ಹೋದ ವರ್ಷ ನಿನ್ನ ಮುದುಕಿ ಸ್ಕೂಲ್ ಟೀಚರ್ ಆಗಿದ್ಲು. ಈ ವರ್ಷ ಸನ್ಯಾಸಿನಿ ಆಗ್ಬಿಟ್ಲಾ?"

"ವಯಸ್ಸಾಗ್ತಾ ಆಗ್ತಾ ಭಕ್ತಿ ಜಾಸ್ತಿ ಆಗುತ್ತೆ ಕಣಯ್ಯಾ," ಎಂದ ಆ ನಾಚಿಕೆಗೆಟ್ಟವನು, ಸಾಸಿವೆ ಮೆತ್ತಿದ ಬೆರಳು ನೆಕ್ಕುತ್ತ.

ನನ್ನ ಡ್ವೈಟ್ ಹಾಗಲ್ಲ. "ಸುಳ್ಳು ಪೋಣಿಸೋ ಕರ್ಮ ನಮಗಿಲ್ಲ, ರೋಸ್," ಅನ್ನುತ್ತಾನೆ. "ನಮ್ಮ ಕಾರಿಗೆ ಒಂದು ಮನೆ ಇತ್ತು, ಮನೆ ತುಂಬ ಮಕ್ಕಳಿದ್ರು." ತಿಂಡಿಗೆ ಕೂತರೆ ಸಾಕು, ನಮ್ಮ ಬಾಲ್ಯವನ್ನು ಬಿಡಿಸಿ ಬಿಡಿಸಿ ಕೇಳುತ್ತಾನೆ. "ಆಗ ನಿನ್ನಕ್ಕ ಎಷ್ಟು ಎತ್ತರ ಇದ್ಲು? ಯಾವ ಬಣ್ಣದ ಅಂಗಿ? ಜಡೆ ಒಂದೋ ಎರಡೋ?" ಹೆಂಡತಿ ಮಾತ್ರವಲ್ಲ, ಅವಳ ಅಕ್ಕನ ಜಡೆಯೂ ಬೇಕು ಎನ್ನುವ ಗಂಡ ಎಲ್ಲಿ ಸಿಗುತ್ತಾನೆ, ಹೇಳು! ಅತ್ಯುತ್ತಮ ಕಥೆಯ ಕಪ್ ನಮಗೇ ಬಂತು. ಮೆರ್ಲನ ಮುಖ ನೋಡಬೇಕಿತ್ತು ನೀನು, ಒದ್ದೆ ರೊಟ್ಟಿಯ ಹಾಗಾಗಿತ್ತು.

ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಕಾರುಗಳ ದೊಡ್ಡ ಮೆರವಣಿಗೆ. "ನಿನ್ನಕ್ಕ ಬಂದೇ ಬರ್ಬೇಕು ಅಂತ ಬರಿ," ಎಂದು ಡ್ವೈಟ್ ಒಂದೇ ಸಮನೆ ಹೇಳುತ್ತಿದ್ದಾನೆ. ಸಿಟ್ಟು ಬಿಡು, ಬಾ. ನನ್ನ ಗಂಡನನ್ನು ಕಣ್ಣಾರೆ ನೋಡಿ ಒಂದು ಸಲ ಹರಸು. ನಿನ್ನ ಟೊಲೆಡೊ ಏನು ಚಂದ್ರಲೋಕವೇ?

ಮಕ್ಕಳ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ನಿಮ್ಮ ಮನೆಯಲ್ಲಿ ಸದಾ ನಗು ತುಂಬಿರಲಿ, ನಿನ್ನ ಬೆನ್ನುನೋವಿಗೆ ದೇವರು ಕಣ್ಣು ಬಿಡಲಿ.

ನಿನ್ನ
ರೋಸ್ಲಿನ್

ತಾ.ಕ. ಲಕೋಟೆ ಅಂಟಿಸಲು ಕೂತವಳು ಮತ್ತೆ ಪೆನ್ನು ತೆಗೆದೆ. ಒಂದು ವಿಷಯ ಬಿಟ್ಟಿದ್ದೆ. ಈ ಪ್ರದರ್ಶನಗಳಲ್ಲಿ ಒಂದು ಚಾಳಿ ಇದೆ. ಮಗುವಿನಷ್ಟು ಎತ್ತರದ ಬಟ್ಟೆಯ ಬೊಂಬೆಯನ್ನು, ತೋಳಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿರುವ ಹಾಗೆ, ಕಾರಿಗೆ ಒರಗಿಸಿ ನಿಲ್ಲಿಸುತ್ತಾರೆ. ಕಾರು ಮುಟ್ಟಿ ಬೈಸಿಕೊಂಡ ಮಗು ಎಂದು ತಮಾಷೆ. ಡ್ವೈಟ್ ನನಗೆ ಹೇಳದೆ ಅಂಥದ್ದೊಂದು ಮಾಡಿಸಿದ್ದ. ಕೆಂಪು ಅಂಗಿ, ಎರಡು ಜಡೆ. ಕೈಯಲ್ಲಿ ಐಸ್‌ಕ್ಯಾಂಡಿ ಕಡ್ಡಿ. ಹಲಗೆಯಲ್ಲಿ ನಿನ್ನ ಹೆಸರು.

ಜನ ಸಾಲು ನಿಂತು ಅದರ ಜೊತೆ ಫೋಟೋ ತೆಗೆಸಿಕೊಂಡರು. ಮೆರ್ಲ್ ಅದರ ತಲೆ ತಟ್ಟಿ, "ಪಾಪ, ಇವಳ ಶಿಕ್ಷೆ ಇನ್ನೂ ಮುಗಿದಿಲ್ವಾ?" ಎಂದ. "ಇದೇನು ನೋಡ್ತೀಯಾ, ಆಗಸ್ಟ್‌ಗೆ ನಿಜವಾದ ಹುಡುಗೀನೇ ಬರ್ತಾಳೆ, ಇಲ್ಲೇ ನಿಲ್ಲಿಸ್ತೀನಿ," ಎಂದ ನನ್ನ ಗಂಡ. ಎಲ್ಲರೂ ನಕ್ಕರು. ಯಾರೋ ನನ್ನ ಕೈಗೆ ಕಪ್ ಕೊಟ್ಟರು.

ಈಗ ಡ್ವೈಟ್ ಕೆಲಸಕ್ಕೆ ಹೋಗಿದ್ದಾನೆ. ಗ್ಯಾರೇಜಿಗೆ ಹೋಗಿ ಬೊಂಬೆಯನ್ನು ಎತ್ತಿ ತಂದು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ತೋಳು ಸರಿಸಿ ನೋಡಿದೆ. ಬರೀ ಬಿಳಿ ಬಟ್ಟೆ, ಅಕ್ಕ. ಯಾರೂ ನೋಡುವುದಿಲ್ಲವೆಂದು ಇವುಗಳಿಗೆ ಮುಖವನ್ನೇ ಹೊಲಿಯುವುದಿಲ್ಲವಂತೆ.

ಆಗಸ್ಟಿನಲ್ಲಿ ನೀನು ಬರಬೇಡ. ನಾನೇ ಬರುತ್ತೇನೆ. ಬಸ್ಸಿನಲ್ಲಿ.